ಅರ್ಧ ಮನೆ

ಶುಕ್ರವಾರ ಮೂರರಿಂದ ನಾಲ್ಕೂವರೆ ನಮ್ಮದು.
ಅದಕ್ಕೂ ಮುಂಚೆ ಮಲಯಾಳಿಗಳು, ಆಮೇಲೆ ಫಿಲಿಪೀನಿಗಳು.
ಹಿಂದಿನವರ ಕೊನೆಯ ಆಮೆನ್ ಇನ್ನೂ ಸೀಲಿಂಗಿನಲ್ಲಿ ಸುತ್ತುತ್ತಿರುವಾಗಲೇ
ನಾನು ಸ್ಟ್ಯಾಂಡು ಬಿಡಿಸಿ ಕೀಬೋರ್ಡು ಏರಿಸುತ್ತೇನೆ.
ಅಹಮದಿಯ ಬಿಸಿಲಿಗೆ ಏರಿದ ತಬಲಾ
ಎಸಿಯ ತಂಪಿಗೆ ಇಳಿದಿದೆಯೆಂದು
ಫಿಲೆಮೋನಣ್ಣ ಸುತ್ತಿಗೆ ಹಿಡಿದು ತಟ್ಟುತ್ತಾನೆ;
ವಾರವೆಲ್ಲ ಫೋರ್ಕ್‌ಲಿಫ್ಟ್ ತಿರುಗಿಸಿದ ಕೈ,
ಬಾಯಾ ಮೇಲೆ ಬಿದ್ದಾಗ ಮಾತ್ರ ಮೆತ್ತಗಾಗುತ್ತದೆ.

ನಾನು ಲಿಫ್ಟ್ ಮೆಕ್ಯಾನಿಕ್ಕು.
ಕಲಿತದ್ದು ಬೆಟಗೇರಿಯಲ್ಲಿ, ಒಂದು ರೀಡು ಹೋದ ಹಾರ್ಮೋನಿಯಂ ಮೇಲೆ;
ಮಧ್ಯಮ ಬಂದಲ್ಲೆಲ್ಲ ನಾನೇ ಬಾಯಿಂದ 'ಮ' ಅನ್ನಬೇಕಿತ್ತು.
ಬರುವುದು ಬಿಳಿ ಒಂದೇ.
ಉಳಿದ ಶ್ರುತಿಗಳಿಗೆಲ್ಲ ಟ್ರಾನ್ಸ್‌ಪೋಸ್ ಗುಂಡಿ:
ಬೆರಳು ಅದೇ ಮನೆಗಳಲ್ಲಿ ಓಡಾಡುತ್ತವೆ,
ದನಿ ಎಲ್ಲೋ ಬೇರೆ ಊರಲ್ಲಿ ಕೇಳಿಸುತ್ತದೆ.
ಇದರ ಬಗ್ಗೆ ಹೆಚ್ಚು ಯೋಚಿಸಬಾರದು ಅಂದುಕೊಂಡಿದ್ದೇನೆ.

ದುಡ್ಡಿಗೂ ಬಾರಿಸುತ್ತೇನೆ, ಸುಳ್ಳೇಕೆ.
ಫಹಾಹೀಲಿನಲ್ಲಿ ಮದುವೆಗೆ ಇಪ್ಪತ್ತು ದಿನಾರು, ಊಟ;
ಗೋವೆಯವರ ಬೆಳ್ಳಿಹಬ್ಬಕ್ಕೆ ಹದಿನೈದು, ಊಟ, ಪಾರ್ಸೆಲ್ಲು.
ಪೆಟ್ಟಿಗೆ ಕಾರ್ಗೋಗೆ ಹೋಗುವ ಮುನ್ನ
ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ.
ಅದಕ್ಕೆ ಏನೂ ಇಲ್ಲ,
ಬ್ಯಾಟರಿಯೂ ನನ್ನದೇ.

ಇವತ್ತು ಸುಗ್ಗಿ ಹಬ್ಬ.
ಹೌದು, ಇಲ್ಲಿ, ಈ ಮರಳಿನಲ್ಲಿ.
ವೇದಿಕೆಯ ಮುಂದೆ ಸೂಪರ್‌ಮಾರ್ಕೆಟ್ಟಿನ ಕುಂಬಳ,
ಬೆಲೆಚೀಟಿ ಕಿತ್ತರೂ ಗೋಂದು ಉಳಿದಿದೆ;
ವಿಮಾನದಲ್ಲಿ ಬಂದ ಎರಡು ಕಬ್ಬು;
ಸುಜಯಾ ಸಾಲಿನ್ಸ್ ಬಾಲ್ಕನಿಯಲ್ಲಿ ಬೆಳೆದ ಏಳು ಬೆಂಡೆಕಾಯಿ.
ಹರಾಜಿನಲ್ಲಿ ಅವಕ್ಕೇ ಹೆಚ್ಚು ಕೂಗು, ಬರೆದಿಟ್ಟುಕೊಳ್ಳಿ.

ಆದರೆ ಎಸ್ತೇರಕ್ಕ ಬಂದಿಲ್ಲ.
ಹನ್ನೊಂದು ವರ್ಷದಿಂದ ಸುಗ್ಗಿಯ ಮೊದಲ ಚರಣ ಅವಳದೇ.
ನಾನು ಕೊಟ್ಟ ಶ್ರುತಿಯನ್ನು ಒಮ್ಮೆಯೂ ಹಿಡಿದವಳಲ್ಲ;
ಅವಳು ಎತ್ತಿದಲ್ಲಿಗೆ ನಾವೆಲ್ಲ ಹತ್ತಬೇಕು,
ಹೊರಟ ಬಸ್ಸಿನ ಹಿಂದೆ ಓಡಿದ ಹಾಗೆ.
ಅವಳ ಮನೆಯಲ್ಲಿ ಇವತ್ತು ಮೂವತ್ತು ಜನ ನೆಂಟರು,
ಕುರಿ ಬೇಯುತ್ತಿದೆ, ರಜೆಯಿಲ್ಲ.
ಅವಳ ಮನೆ ಅಂದೆ. ಅಂದರೆ, ಅವಳು ಅಡುಗೆ ಮಾಡುವ ಮನೆ.

ಮೂರು ಹತ್ತಕ್ಕೆ ಫೋನು:
"ತಮ್ಮಾ, ಸ್ಪೀಕರಿಗೆ ಹಾಕು. ಎಲ್ಲಾರೂ ಉಣ್ಣಾಕ ಕುಂತಾರ,
ಹತ್ತು ನಿಮಿಷ ಸಿಕ್ಕೇತಿ."
ಮೈಕಿನ ಬಾಯಿಗೆ ಫೋನು ಹಿಡಿದೆವು.
ಮೊದಲು ಬಂದದ್ದು ಅವಳ ದನಿಯಲ್ಲ,
ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು.
ಹೂಂ ಎಂದು, ತಂಬೂರಿಯ ಹಾಗೆ, ಬಿಡದೆ.
ಅದರ ಮೇಲೆ ಬಂದು ಕೂತಿತು ಅವಳ ಷಡ್ಜ,
ತಟ್ಟೆಯ ಮೇಲೆ ಲೋಟ ಇಟ್ಟಂತೆ.
ಹನ್ನೊಂದು ವರ್ಷ ಅವಳು ತಪ್ಪಿದ್ದಲ್ಲ;
ಕಿವಿಯಲ್ಲಿ ಇದನ್ನೇ ಹೊತ್ತು ಬರುತ್ತಿದ್ದಳು.

ಗುಂಡಿ ಒತ್ತಿದೆ. ಒಂದು ಮನೆ ಮೇಲೆ: ಸಾಲದು.
ಎರಡು: ಜಾಸ್ತಿ.
ಫ್ಯಾನು ಇದ್ದದ್ದು ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ,
ಯಾರೂ ಮನೆ ಕಟ್ಟದ ಜಾಗದಲ್ಲಿ,
ಮಹಡಿಗಳ ನಡುವೆ ನಿಂತ ಲಿಫ್ಟಿನ ಹಾಗೆ.
ಆ ಕೆಲಸ ನನಗೆ ಗೊತ್ತು.
ಮೆನುವಿನ ಒಳಗಿನ ಒಳಗೆ ಹೋಗಿ
ಕೂದಲೆಳೆ ಕೂದಲೆಳೆ ಏರಿಸಿದೆ,
ಬಾಗಿಲೂ ನೆಲವೂ ಸಮ ಆಗುವ ತನಕ.
ಫಿಲೆಮೋನಣ್ಣ ಮತ್ತೆ ಸುತ್ತಿಗೆ ಎತ್ತಿದ, ಗೊಣಗದೆ.

ಹಾಡಿದೆವು.
ಅವಳ ಸಾಲು ಅರ್ಧ ಮಾತ್ರೆ ತಡವಾಗಿ ಬರುತ್ತಿತ್ತು;
ನಾವು ನಿಧಾನಿಸಿದರೆ ಅದು ಇನ್ನೂ ತಡ.
ಕೊನೆಗೆ ಪಾಸ್ಟರು ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿದರು.
ಅವಳೊಬ್ಬಳೇ. ಅವಳೂ ಫ್ಯಾನೂ.
ಅತ್ತ ಯಾರೋ ಅರಬ್ಬಿಯಲ್ಲಿ ಕೂಗಿದರು.
"ಬಂದೆ" ಅಂದಳು, ಕನ್ನಡದಲ್ಲೇ, ತಾಳದಲ್ಲೇ.
ಚರಣ ಅಲ್ಲಿಗೇ ನಿಂತಿತು.
ಫ್ಯಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು.
ಆಮೆನ್ ಅನ್ನಬೇಕೋ ಬೇಡವೋ ತಿಳಿಯದೆ ನಿಂತೆವು.

ಈಗ ನಾಲ್ಕೂವರೆ ಮೀರಿದೆ.
ಬೆಂಡೆಕಾಯಿ ಹದಿನೆಂಟು ದಿನಾರಿಗೆ ಹೋದವು.
ಬಾಗಿಲಲ್ಲಿ ರೊಮೆಲ್, ಹೆಗಲಿಗೆ ಗಿಟಾರು;
ಅವರಿಗೂ ಇದೇ ಕೀಬೋರ್ಡು, ಮೊದಲಿನಂತೆ ಮಾಡಿ ಕೊಡಬೇಕು.
ಕೈ ಗುಂಡಿಯ ಮೇಲಿದೆ.
ತಂತಿ ಸ್ವಲ್ಪ ಬಿಗಿ ಮಾಡಿಕೋ, ಅಂದೆ.
ಎಷ್ಟು, ಅಂದ.
ಒಂದು ಮನೆ, ಮೇಲೆ ಅರ್ಧ.